ಸಾಂತಾ ಕ್ರೂಸ್ ದ್ವೀಪದಲ್ಲಿ ಒಂದು ದಿನ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂಬ ಪತ್ರವು ಬಂದಾಗ, ಕಳೆದ ವಸಂತದಲ್ಲಿ ನಾವು ಕೈಕೊಂಡ ಒಂದು ದಿನದ ಪ್ರವಾಸವು ನೆನಪಾಯಿತು. ನಾವೆಂದರೆ ಈ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿ, ಈಗ ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಇಬ್ಬರು ಗೆಳತಿಯರು. ಊರಿನಿಂದ ಬಂದಿದ್ದ ನಮ್ಮಲ್ಲೊಬ್ಬಳ ತಾಯಿಯವರೂ ಜೊತೆಗಿದ್ದರು.

ಪ್ರಾತಃಕಾಲದಲ್ಲಿ ವೆಂಚುರಾ ಬಂದರಿನಿಂದ ದೋಣಿಯು ಹೊರಟಿತು. ಹೊರಗಿನ ಕಳೆಯು ದ್ವೀಪವನ್ನು ಸೇರಬಾರದಾದುದರಿಂದ, ಹತ್ತುವ ಮುಂಚೆ ಬೂಟುಗಳಿಗೆ ಅಂಟಿದ ಮಣ್ಣನ್ನೂ ಬೀಜಗಳನ್ನೂ ಕೊಡವಿಕೊಂಡೆವು. ದಾರಿಯಲ್ಲಿ ಡಾಲ್ಫಿನ್ನುಗಳ ಹಿಂಡೊಂದು ದೋಣಿಯ ಮುಂದೆ ನೆಗೆಯುತ್ತಾ ಸಾಗಿತು. ಸುಮಾರು ಒಂದು ತಾಸಿನಲ್ಲಿ ಸ್ಕಾರ್ಪಿಯನ್ ಎಂಬ ರೇವಿನಲ್ಲಿ ಇಳಿದೆವು. ಸುಮಾರು 96 ಚದರ ಮೈಲು ವಿಸ್ತಾರವುಳ್ಳ ಈ ದ್ವೀಪವು 1980ರಲ್ಲಿ ಸ್ಥಾಪಿತವಾದ ಚಾನೆಲ್ ದ್ವೀಪಗಳ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗಿದೆ. ಇಲ್ಲಿ ಅಂಗಡಿಗಳಿಲ್ಲ, ಬುತ್ತಿಯನ್ನು ಹೊತ್ತುಕೊಂಡೇ ಹೋಗಬೇಕು.

ಏರುದಾರಿ ಹಿಡಿದು ಕ್ಯಾವರ್ನ್ ಪಾಯಿಂಟ್ ಎಂಬ ಕಡಿದಾದ ಬಂಡೆಯ ತುದಿಯನ್ನು ಸೇರಿದೆವು. ಕೆಳಗೆ ನೀಲಸಮುದ್ರ, ಬಂಡೆಯ ಬಿರುಕುಗಳಲ್ಲಿ ಹಕ್ಕಿಗಳು, ದೂರದಲ್ಲಿ ಮಸುಕಾದ ನಾಡಿನ ಬೆಟ್ಟಗಳು. ತಾಯಿಯವರು ಅಲ್ಲಲ್ಲಿ ಕುಳಿತು ದಣಿವಾರಿಸಿಕೊಂಡರೂ ನಮಗಿಂತ ಹೆಚ್ಚು ಹರ್ಷಪಟ್ಟರು.

ಮಧ್ಯಾಹ್ನ ಕೆಳಗಿಳಿದು ನೀಲಗಿರಿ ಮರಗಳ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದೆವು. ಆಗ ಬೆಕ್ಕಿಗಿಂತಲೂ ಚಿಕ್ಕದಾದ ಒಂದು ನರಿಯು ನಿರ್ಭಯವಾಗಿ ನಮ್ಮೆದುರು ಬಂದು ನಿಂತಿತು. ದಿನವೂ ಕಾಗೆಗೆ ಅನ್ನವಿಟ್ಟೇ ಊಟಮಾಡುವ ತಾಯಿಯವರು ಚಪಾತಿಯ ತುಂಡನ್ನು ಕೈಗೆತ್ತಿಕೊಂಡರು. ತಡೆಯಬೇಕಾಗಿದ್ದ ನಾವೇ, "ಕೊಡಿರಿ, ಚಿತ್ರ ತೆಗೆಯುತ್ತೇವೆ" ಎಂದು ಪ್ರೋತ್ಸಾಹಿಸಿದೆವು. ಅಷ್ಟರಲ್ಲಿ ಉದ್ಯಾನದ ಸೇವಕಿಯೊಬ್ಬರು ಬಂದು, ಗದರಿಸದೆ, ಆ ನರಿಯ ಕಥೆಯನ್ನು ಹೇಳಿದರು.

ಇಲ್ಲಿ ಮೀನು ತಿಂದು ಬಾಳುತ್ತಿದ್ದ ಬಿಳಿತಲೆಯ ಗರುಡಗಳು, ಸಮುದ್ರಕ್ಕೆ ಸೇರಿದ ಡಿ.ಡಿ.ಟಿ. ವಿಷದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಅಳಿದುಹೋದವು. ಹಿಂದೆ ನೆಲಸಿಗರು ತಂದ ಹಂದಿಗಳು ಕಾಡುಸೇರಿ ಬೆಳೆದಿದ್ದವು. ಅವುಗಳ ಮರಿಗಳಾಸೆಗೆ 1990ರ ದಶಕದಲ್ಲಿ ಹೊನ್ನಗರುಡಗಳು ಬಂದು ನೆಲಸಿ, ನರಿಗಳನ್ನೂ ಹಿಡಿಯತೊಡಗಿದವು. ಸಾವಿರಕ್ಕೆ ಮೇಲ್ಪಟ್ಟಿದ್ದ ನರಿಗಳು 2000ದ ಸುಮಾರಿಗೆ ನೂರಕ್ಕೂ ಕಡಿಮೆಯಾದವು. ಬಳಿಕ ಹೊನ್ನಗರುಡಗಳನ್ನು ಹಿಡಿದು ದೂರ ಸಾಗಿಸಿದರು, ಹಂದಿಗಳನ್ನು ನಿರ್ಮೂಲಮಾಡಿದರು, ಬಿಳಿತಲೆಯ ಗರುಡಗಳನ್ನು ಮರಳಿ ತಂದರು, ನರಿಗಳನ್ನು ಸಾಕಿ, ಮರಿಮಾಡಿಸಿ ಬಿಟ್ಟರು. 2004ರಲ್ಲಿ ಅಪಾಯದ ಪಟ್ಟಿಗೆ ಸೇರಿದ ಈ ನರಿಯು 2016ರಲ್ಲಿ ಅದರಿಂದ ಬಿಡುಗಡೆ ಹೊಂದಿತು.

ಕನ್ನಡದಲ್ಲಿ ಇದನ್ನೆಲ್ಲ ಕೇಳಿದ ತಾಯಿಯವರು ಸ್ವಲ್ಪಹೊತ್ತು ಮೌನವಾಗಿದ್ದು, "ಹಾಗಾದರೆ ಈ ನರಿಗೆ ಕೇಡು ಮಾಡಬೇಕೆಂದು ಯಾರೂ ಎಣಿಸಿರಲಿಲ್ಲವೇ?" ಎಂದರು. ಇಲ್ಲವೆಂದೆವು. ಅವರು ಆ ತುಂಡನ್ನು ಡಬ್ಬಿಯೊಳಗಿಟ್ಟು ಮುಚ್ಚಳವನ್ನು ಭದ್ರಪಡಿಸಿದರು. ನರಿಯು ಕೊಂಚ ಕಾದು, ಪೊದೆಯೊಳಗೆ ತನ್ನ ಆಹಾರವನ್ನು ಹುಡುಕುತ್ತಾ ಹೋಯಿತು.

ಸಂಜೆಯ ದೋಣಿಯಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಹಂಚಿ ತಿನ್ನಬೇಕೆಂದು ಈ ಶಾಲೆಯಲ್ಲಿ ಕಲಿತೆವು. ಆ ಪಾಠವು ಸುಳ್ಳಾಗಲಿಲ್ಲ. ಆದರೆ ಕೊಡುವ ಮುನ್ನ, ಪಡೆಯುವ ಜೀವಕ್ಕೆ ಅದರಿಂದ ಹಿತವೋ ಅಹಿತವೋ ಎಂದು ವಿಚಾರಿಸಬೇಕೆಂಬುದನ್ನು, ತಲೆ ನರೆತ ಮೇಲೆ, ಒಬ್ಬ ವೃದ್ಧೆಯ ಹಿಂತೆಗೆದ ಕೈಯಿಂದ ಕಲಿತೆವು. ಚಿತ್ರವನ್ನು ತೆಗೆಯಲಿಲ್ಲ, ಆದರೂ ಆ ನರಿಯು ನಮ್ಮ ಕಣ್ಣಮುಂದೆ ಇಂದಿಗೂ ನಿಂತಿದೆ.