ಎಂಬತ್ತೇಳೋ, ತೊಂಬತ್ತಮೂರೋ?

ಪೆಟ್ರೋಲಿನಲ್ಲೂ ಜಾತಿಭೇದವಿದೆ ಎಂಬುದು ಐವತ್ತಾರು ವರ್ಷ ತುಂಬುವವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮೂರ ಬಂಕಿನಲ್ಲಿ ಇವರು ಸ್ಕೂಟರ್ ನಿಲ್ಲಿಸಿ "ಇನ್ನೂರು ರೂಪಾಯಿದು ಹಾಕಪ್ಪ" ಎಂದರೆ ಮುಗಿಯಿತು. ಯಾವುದು ಹಾಕಲಿ ಎಂದು ಆ ಹುಡುಗ ಕೇಳಿದ್ದಿಲ್ಲ, ಇವರು ಹೇಳಿದ್ದೂ ಇಲ್ಲ.

2019ರ ಮೇ ತಿಂಗಳಲ್ಲಿ ಬೇಸಿಗೆ ರಜೆಗೆ ಗಳಿಕೆ ರಜೆ ಸೇರಿಸಿಕೊಂಡು ಸೊಸೆಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದೆ. ನಾನು ಹೋದ ವಾರವೇ ಮಗ ಡಲ್ಲಾಸಿನ ಮನೆ ಖಾಲಿ ಮಾಡಿ ಡೆನ್ವರಿಗೆ ಹೊರಟಿದ್ದ. ಅಲ್ಲಿ ಹೊಸ ಕೆಲಸ. ಏಳು ತಿಂಗಳ ಗರ್ಭಿಣಿ ಸೊಸೆಯನ್ನು ವಿಮಾನಕ್ಕೆ ಹತ್ತಿಸಿ, ಮನೆಸಾಮಾನನ್ನೆಲ್ಲ ಟ್ರೈಲರಿಗೆ ತುಂಬಿ, ಅದನ್ನು ತನ್ನ ಪಿಕಪ್ ಟ್ರಕ್ಕಿನ ಬೆನ್ನಿಗೆ ಕಟ್ಟಿದ. ನಾನು ಅವನ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಚಕ್ಕುಲಿ ಡಬ್ಬ ಇಟ್ಟುಕೊಂಡು ಕೂತೆ.

ಆ ಟ್ರಕ್ಕಿಗೆ ಅವನು ಒಂದು ಟ್ಯೂನರ್ ತಂದಿದ್ದ. ಅಂಗೈಯಗಲದ ಡಬ್ಬಿ. ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿ ಕಂಪನಿಯವರು ಬರೆದಿಟ್ಟದ್ದನ್ನು ತೆಗೆದು ತನ್ನಲ್ಲಿಟ್ಟುಕೊಂಡು, ಬೇರೆಯದನ್ನು ಬರೆಯುತ್ತದೆ. ಕಿಡಿ ಇನ್ನಷ್ಟು ಬೇಗ ಹಾರಲಿ, ಟರ್ಬೊ ಇನ್ನಷ್ಟು ಗಾಳಿ ತುಂಬಲಿ, ಹೀಗೆ. ಅದರಲ್ಲಿ 87ಕ್ಕೆ ಒಂದು ಟ್ಯೂನು, 91ಕ್ಕೆ ಒಂದು, 93ಕ್ಕೆ ಒಂದು. ಮಗ ಹಾಕಿದ್ದು 93ರದ್ದು. "ಜೋರು ಎಷ್ಟು ಬಂದಿದೆ ನೋಡಮ್ಮ" ಎಂದು ಡಲ್ಲಾಸಿನಲ್ಲೇ ಒಮ್ಮೆ ತುಳಿದು ತೋರಿಸಿದ್ದ. ನನ್ನ ತಲೆ ಸೀಟಿಗೆ ಹೋಗಿ ಬಡಿದಿತ್ತು.

"ತೊಂಬತ್ತಮೂರು ಅಂದರೆ ಹೆಚ್ಚು ಶಕ್ತಿಯ ಪೆಟ್ರೋಲೇನೋ?" ಎಂದು ಕೇಳಿದೆ. ನಾನು ಬಿ.ಎ. ಮಾಡಿ ಕನ್ನಡ ಪಾಠ ಹೇಳುವವಳು, ಆದರೆ ಪ್ರಶ್ನೆ ಕೇಳುವುದಕ್ಕೆ ಡಿಗ್ರಿ ಬೇಕಿಲ್ಲವಲ್ಲ.

"ಶಕ್ತಿ ಅಲ್ಲಮ್ಮ, ತಾಳ್ಮೆ" ಎಂದ. ಪಿಸ್ಟನ್ನು ಮೇಲೆ ಬರುತ್ತಾ ಗಾಳಿ ಪೆಟ್ರೋಲು ಎರಡನ್ನೂ ಒತ್ತುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಒಂದು ಕಡೆಯಿಂದ ಹರಡಿಕೊಂಡು ಬರಬೇಕು. ಅದು ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದದ್ದು ಬಿಸಿಗೂ ಒತ್ತಡಕ್ಕೂ ತಡೆಯಲಾರದೆ ತಾನಾಗಿ ಸಿಡಿದರೆ ಎಂಜಿನ್ನಿಗೆ ಸುತ್ತಿಗೆ ಏಟು. ಹಾಗೆ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದೇ ಆಕ್ಟೇನಿನ ಅಂಕಿ. ಐಸೊ-ಆಕ್ಟೇನಿಗೆ ನೂರು, ಹೆಪ್ಟೇನಿಗೆ ಸೊನ್ನೆ ಎಂದಿಟ್ಟುಕೊಂಡು ಮಾಡಿದ ಅಳತೆಯಂತೆ. ಕಂಪನಿಯವರು 87 ಸಾಕು ಎಂದ ಎಂಜಿನ್ನಿಗೆ ಸುಮ್ಮನೆ 93 ಹಾಕಿದರೆ ದುಡ್ಡು ದಂಡ. ಆದರೆ 93ರ ಟ್ಯೂನು ಹಾಕಿ 87 ಕುಡಿಸಿದರೆ ಕಷ್ಟ. ಶಬ್ದ ಕೇಳಿಸಿಕೊಳ್ಳುವ ಒಂದು ಸೆನ್ಸರ್ ಇದೆ, ಅದು ಕಿಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು ಎಂಜಿನ್ನನ್ನು ಕಾಯುತ್ತದೆ, ಆದರೆ ಅದರ ಕೈಲಾಗುವುದೂ ಒಂದು ಮಿತಿಯವರೆಗೆ. ಭಾರ ಎಳೆಯುವಾಗ, ಏರಿನಲ್ಲಿ, ಬಿಸಿಲಿನಲ್ಲಿ ಪಿಸ್ಟನ್ನೇ ಒಡೆಯಬಹುದು.

(ಅಲ್ಲಿಯ ಅಂಕಿಗೂ ನಮ್ಮ ಅಂಕಿಗೂ ಹೋಲಿಸಬಾರದು. ಆಗ ನಮ್ಮಲ್ಲಿ ಸಾಮಾನ್ಯ ಪೆಟ್ರೋಲೇ 91. ಅದು ಒಂದು ವಿಧಾನದ ಅಳತೆ. ಅಮೆರಿಕದವರು ಎರಡು ವಿಧಾನಗಳ ಸರಾಸರಿ ತೆಗೆದು ಬರೆಯುತ್ತಾರೆ. ನಮ್ಮ 91 ಹೆಚ್ಚುಕಡಿಮೆ ಅವರ 87.)

ಇಷ್ಟೆಲ್ಲ ಕೇಳಿಸಿಕೊಂಡೂ ನಾನು ಮಾಡಿದ್ದೇನು? ಮೊದಲ ರಾತ್ರಿ ಅಮರಿಲ್ಲೊದಲ್ಲಿ ತಂಗಿ ಬೆಳಿಗ್ಗೆ ಹೊರಟೆವು. ಮುಂದಿನ ಒಂದು ಸಣ್ಣ ಊರಿನ ಬಂಕಿನಲ್ಲಿ ಹಳದಿ ಚೀಟಿಯ ಮೇಲೆ ಮೂರು ಅಂಕಿಗಳಿದ್ದವು: 87, 89, 91. ತೊಂಬತ್ತಮೂರು ಇರಲಿಲ್ಲ. ಮಗ ಕಾರ್ಡು ತುರುಕಿದ, ಅಷ್ಟರಲ್ಲಿ ಸೊಸೆಯ ಫೋನು ಬಂತು. "ಅಮ್ಮ, ತೊಂಬತ್ತೊಂದು ಒತ್ತಿ ಹಾಕ್ತಿರು, ಗುಡ್ಡಕ್ಕೆ ಮುಂಚೆ ಟ್ಯೂನ್ ಬದಲಿಸ್ತೀನಿ" ಎಂದು ಆಚೆ ಹೋದ. ನಾನು ಬೆಲೆ ನೋಡಿದೆ. ಗ್ಯಾಲನ್ನಿಗೆ ಅರವತ್ತು ಸೆಂಟು ವ್ಯತ್ಯಾಸ. ಹತ್ತೊಂಬತ್ತು ಗ್ಯಾಲನ್ನಿಗೆ ಲೆಕ್ಕ ಹಾಕಿದರೆ ನಮ್ಮ ಎಂಟುನೂರು ರೂಪಾಯಿಗೆ ಹತ್ತಿರ! ಗುಡ್ಡ ಇನ್ನೂ ದೂರವಿದೆ, ಬಾಣಂತನದ ಖರ್ಚು ಮುಂದಿದೆ, ಪೆಟ್ರೋಲು ಪೆಟ್ರೋಲೇ ಎಂದುಕೊಂಡು 87 ಒತ್ತಿದೆ. ರಸೀತಿಯನ್ನು ಚಕ್ಕುಲಿ ಡಬ್ಬದ ಕೆಳಗೆ ಸೇರಿಸಿದೆ. ನಾವು ಹೋಗುತ್ತಿದ್ದ ರಸ್ತೆಯ ಸಂಖ್ಯೆಯೂ 87 ಎಂದು ಆಮೇಲೆ ಬೋರ್ಡು ನೋಡಿ ತಿಳಿಯಿತು. ಆ ಹೊತ್ತಿಗೆ ಅದು ತಮಾಷೆಯಾಗಿ ಕಾಣಲಿಲ್ಲ.

ನ್ಯೂ ಮೆಕ್ಸಿಕೊದ ಕ್ಲೇಟನ್ ದಾಟಿದ ಮೇಲೆ ನೆಲ ಮೆಲ್ಲಗೆ ಏರುತ್ತದೆ. ಮರವಿಲ್ಲದ ಬಯಲು, ಎದುರುಗಾಳಿ. ಶಬ್ದ ಮೊದಲು ಕೇಳಿದ್ದು ನನಗೆ. ಹಿಂದಿನ ಬೆಂಚಿನ ಹುಡುಗರು ಕಂಪಾಸ್ ಪೆಟ್ಟಿಗೆಯಲ್ಲಿ ಕಾಸು ಅಲ್ಲಾಡಿಸಿದರೆ ಬೋರ್ಡಿಗೆ ಮುಖ ಮಾಡಿದ್ದರೂ ಗುರುತು ಹಿಡಿಯುವ ಕಿವಿ ಇದು. ಸಣ್ಣಗೆ ಕಿಣಿಕಿಣಿ. ಏರು ಬಂದಾಗ ಹೆಚ್ಚು, ತುಸು ಇಳಿಜಾರಿನಲ್ಲಿ ಇಲ್ಲ. ಇವರ ಹಳೆಯ ಸ್ಕೂಟರು ಸೀಮೆಎಣ್ಣೆ ಬೆರೆಸಿದ ಪೆಟ್ರೋಲು ಕುಡಿದು ಘಾಟಿಯಲ್ಲಿ ಹೀಗೇ ನರಳಿತ್ತು.

ಮಗನಿಗೂ ಕೇಳಿಸಿತು. ಟ್ರೈಲರಿನ ಕೊಂಡಿಯೋ, ಬೇರಿಂಗೋ ಎಂದು ಎರಡು ಸಲ ಇಳಿದು ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು. "ಎಂಜಿನ್ ಹೋದರೆ ಕಥೆ ಮುಗೀತು. ಟ್ಯೂನರ್ ಹಾಕಿದ್ದು ಗೊತ್ತಾದರೆ ವಾರಂಟಿನೂ ಕೊಡಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ನಾನು ಹತ್ತು ಮೈಲಿ ಬಾಯಿ ಬಿಡಲಿಲ್ಲ. ಮಕ್ಕಳು ತಪ್ಪು ಒಪ್ಪಿಕೊಳ್ಳಲಿಲ್ಲವೆಂದು ಮೂವತ್ತು ವರ್ಷ ನಿಲ್ಲಿಸಿ ಶಿಕ್ಷೆ ಕೊಟ್ಟವಳು ನಾನು! ಕೊನೆಗೆ ಡಬ್ಬದ ಕೆಳಗಿನಿಂದ ರಸೀತಿ ತೆಗೆದು ಅವನ ಮುಂದೆ ಹಿಡಿದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ರಸ್ತೆ ಬದಿಗೆ ನಿಲ್ಲಿಸಿ ಡಬ್ಬಿ ತೆಗೆದು ಸಿಕ್ಕಿಸಿದ. ಎಂಜಿನ್ ಆರಿಸಿ, ಕೀಲಿ ಮಾತ್ರ ತಿರುಗಿಸಿಟ್ಟು, ಕಂಪನಿಯ ಮೂಲದ ಬರಹವನ್ನು ವಾಪಸು ಹಾಕುವುದು. ಹತ್ತು ನಿಮಿಷ ಏನೂ ಮುಟ್ಟಬಾರದು. ಏಸಿ ಇಲ್ಲ, ಫ್ಯಾನಿಲ್ಲ. ದೂರದಲ್ಲಿ ಕಪುಲಿನ್ ಎಂಬ ಆರಿದ ಜ್ವಾಲಾಮುಖಿ ಬೋರಲು ಹಾಕಿದ ಬುಟ್ಟಿಯ ಹಾಗೆ ಕಾಣುತ್ತಿತ್ತು.

"ಹನ್ನೊಂದು ಡಾಲರಿಗೆ ಹೀಗೆ ಮಾಡಿದೆಯಲ್ಲಮ್ಮ" ಎಂದ. ಸ್ವಲ್ಪ ಹೊತ್ತಿನ ಮೇಲೆ, ಡಬ್ಬಿಯ ಪರದೆ ನೋಡುತ್ತಲೇ, "ಅಪ್ಪಂಗೆ ಹೇಳಬೇಡ" ಎಂದು ಶುರು ಮಾಡಿದ. ಡಲ್ಲಾಸಿನ ಕೆಲಸ ಅವನು ಬಿಟ್ಟದ್ದಲ್ಲ, ಹೋದದ್ದು. ಅವನ ವೀಸಾದವರಿಗೆ ಕೆಲಸ ಹೋದರೆ ಅರವತ್ತು ದಿನ ಗಡುವು. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕದಿದ್ದರೆ ದೇಶ ಬಿಡಬೇಕು. ಡೆನ್ವರಿನವರು ಅರ್ಜಿ ಹಾಕಿದ್ದು ಐವತ್ತೆರಡನೆಯ ದಿನ. ಆ ಎರಡು ತಿಂಗಳೂ ನಮ್ಮ ಮನೆಸಾಲದ ಕಂತು ತಪ್ಪದೆ ಬಂದಿತ್ತು. ನಾವು ಕಾಂಪೌಂಡಿಗೆ ಬಣ್ಣ ಬೇರೆ ಹೊಡೆಸಿದ್ದೆವು.

"ಹೇಳಬಾರದಿತ್ತೇನೋ?" ಎಂದೆ.

"ನೀನು ಹತ್ತು ಮೈಲಿ ಹೇಳಲಿಲ್ಲವಲ್ಲ."

ಪರದೆಯಲ್ಲಿ ಮುಗಿಯಿತೆಂದು ಬಂತು. ಎಂಜಿನ್ ಹಚ್ಚಿ ಕಿವಿಗೊಟ್ಟೆವು, ಇಬ್ಬರೂ. ಕಾಲು ಹಗುರವಾಗಿಟ್ಟು, ಲಾರಿಗಳ ಸಾಲಿನಲ್ಲಿ, ಏಳು ಸಾವಿರದ ಎಂಟುನೂರು ಅಡಿಯ ರಟೋನ್ ಘಾಟಿಯನ್ನು ಹತ್ತಿದೆವು. ನಮ್ಮ ಆಗುಂಬೆ ಬಸ್ಸಿನಷ್ಟೇ ನಿಧಾನ. ಕಿಣಿಕಿಣಿ ಇರಲಿಲ್ಲ. (ಇವರಿಗೆ ನಾನಿನ್ನೂ ಹೇಳಿಲ್ಲ. ಈ ಪುಸ್ತಕ ಓದಿದ ಮೇಲೆ ಕೇಳುತ್ತಾರೆ, ಕೇಳಲಿ.)

ಘಾಟಿ ಇಳಿದರೆ ಕೊಲರಾಡೊದ ಟ್ರಿನಿಡಾಡ್. ಅಲ್ಲಿಯ ಬಂಕಿನಲ್ಲಿ ಮತ್ತೂ ಕೆಳಗಿನ ಅಂಕಿ: 85, 87, 91. ಎತ್ತರದ ಊರಿನಲ್ಲಿ ಗಾಳಿ ತೆಳು, ಒತ್ತಡ ಕಡಿಮೆ, ಹಳೆಯ ಎಂಜಿನ್ನುಗಳಿಗೆ 85 ಸಾಕಾಗುತ್ತಿತ್ತು. ಟರ್ಬೊ ಗಾಳಿಯನ್ನು ತುಂಬಿಕೊಡುವುದರಿಂದ ನಮ್ಮ ಟ್ರಕ್ಕಿಗೆ ಅದು ಸಲ್ಲ. ಎಲ್ಲಕ್ಕಿಂತ ಅಗ್ಗ ಅದೇ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ದೂರ ನಿಂತೆ.

ಮಗ ಕಾರ್ಡು ತುರುಕಿ ಪಕ್ಕಕ್ಕೆ ಸರಿದ. "ಒತ್ತಮ್ಮ."

"ಯಾವುದೋ?"

"ಎಂಬತ್ತೇಳು."

ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಒತ್ತಿದೆ.