ಶನಿವಾರದ ಪಪ್ಸು

ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರು ತಮ್ಮ ನೆನಪುಗಳನ್ನು ಬರೆದು ಕಳುಹಿಸಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ, ನನ್ನ ಮನಸ್ಸಿಗೆ ಮೊದಲು ಬಂದದ್ದು ಪುತ್ತೂರಿನ ಬಸ್ಸು ನಿಲ್ದಾಣದ ಸಮೀಪದಲ್ಲಿದ್ದ ಒಂದು ಬೇಕರಿ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಆದರೆ ಆ ದಿನಗಳಲ್ಲಿ ನನ್ನೊಂದಿಗೆ ವಸತಿಗೃಹದಲ್ಲಿದ್ದವರು ಈ ಸಾಲನ್ನು ಓದಿದ ಕೂಡಲೆ ನಗುವರೆಂದು ಬಲ್ಲೆನು.

ಶನಿವಾರ ಪಾಠಶಾಲೆಯು ಮಧ್ಯಾಹ್ನಕ್ಕೇ ಮುಗಿಯುತ್ತಿದ್ದಿತು. ಊಟವಾದ ಬಳಿಕ, ಮನೆಗೆ ಹೋಗಲು ಅಪ್ಪಣೆ ಪಡೆದವರು ಕೊಡೆ ಚೀಲಗಳೊಂದಿಗೆ ಗುಂಪಾಗಿ ಹೊರಡುತ್ತಿದ್ದೆವು. ಆ ಬೇಕರಿಯಲ್ಲಿ ಶನಿವಾರ ಎರಡು ಸಲ ಮಾತ್ರ ಪಪ್ಸು ಬೇಯುತ್ತಿದ್ದಿತು. ಮೊದಲನೆಯದು ಎರಡು ಗಂಟೆಗೆ, ಎರಡನೆಯದು ನಾಲ್ಕಕ್ಕೆ. ಕಪ್ಪಾದ ತಗಡಿನ ತಟ್ಟೆಯೊಂದು ಒಳಗಿನಿಂದ ಬಂದು ಹಲಗೆಯ ಮೇಲೆ ಕುಳಿತ ಕಾಲು ಗಂಟೆಯೊಳಗೆ ಬರಿದಾಗುತ್ತಿದ್ದಿತು. ಕಚೇರಿಯ ಗುಮಾಸ್ತರು, ಬಸ್ಸಿನ ಕಂಡಕ್ಟರರು, ಅಡಿಕೆ ಮಾರಲು ಬಂದ ಹಳ್ಳಿಯವರು, ಎಲ್ಲರ ಕೈಗಳೂ ಅದರ ಕಡೆಗೇ. ನಾವು ಹುಡುಗಿಯರು ಈ ಗದ್ದಲದಲ್ಲಿ ಮುಂದೆ ನುಗ್ಗುವುದು ಮರ್ಯಾದೆಯಲ್ಲವೆಂದು ಉಪಾಧ್ಯಾಯಿನಿಯರು ಕಲಿಸಿದ್ದರು. ನಾವು ನುಗ್ಗುತ್ತಿದ್ದೆವು.

ಇಷ್ಟು ಬೇಡಿಕೆಯಿದ್ದರೂ ಬೇಕರಿಯವನು ಹೆಚ್ಚು ಮಾಡುತ್ತಿರಲಿಲ್ಲವೇಕೆಂದು ನಾನು ಆಗ ಸಿಟ್ಟಾಗುತ್ತಿದ್ದೆನು. ಈಗ ಸ್ವತಃ ಮನೆಯಲ್ಲಿ ಮಾಡಿ ನೋಡಿದ ಮೇಲೆ ಕಾರಣವು ತಿಳಿದಿದೆ. ಮೈದಾ ಹಿಟ್ಟನ್ನು ನಾದಿ, ಲಟ್ಟಿಸಿ, ವನಸ್ಪತಿಯನ್ನು ಸವರಿ, ಮಡಿಸಿ, ತಿರುಗಿ ಲಟ್ಟಿಸಿ, ತಿರುಗಿ ಮಡಿಸಬೇಕು; ನಡುನಡುವೆ ಹಿಟ್ಟಿಗೆ ವಿಶ್ರಾಂತಿಯನ್ನೂ ಕೊಡಬೇಕು. ಒಲೆಯ ಬಿಸಿಗೆ ಹಿಟ್ಟಿನೊಳಗಿನ ನೀರು ಆವಿಯಾಗಿ ಪದರುಗಳನ್ನು ಎಬ್ಬಿಸುತ್ತದೆ. ನಡುವಿನ ಕೊಬ್ಬು ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಒಂದು ಹಾಳೆಯನ್ನು ಸಲಕ್ಕೆ ಮೂರು ಮಡಿಕೆಯಂತೆ ಆರು ಸಲ ಮಡಿಸಿದರೆ 729 ಪದರುಗಳಾಗುವುವೆಂದು ನಮ್ಮ ಗಣಿತದ ಉಪಾಧ್ಯಾಯಿನಿಯವರು ಒಮ್ಮೆ ಕರಿಹಲಗೆಯ ಮೇಲೆ ತೋರಿಸಿದ್ದರು. ಅವರೂ ಆ ಬೇಕರಿಗೆ ಹೋಗುತ್ತಿದ್ದರೆಂದು ನಮಗೆ ಆಗಲೇ ಸಂಶಯವಾಯಿತು. ಇಷ್ಟು ಶ್ರಮಪಟ್ಟು ಮಾಡಿದ್ದು ನಮ್ಮ ಸೀಮೆಯ ಮಳೆಗಾಲದ ಗಾಳಿಯಲ್ಲಿ ಎರಡು ತಾಸಿನೊಳಗೆ ಒದ್ದೆಯ ಕಾಗದದಂತೆ ಮೆತ್ತಗಾಗಿ ಬಿಡುತ್ತದೆ. ಉಳಿದದ್ದನ್ನು ಮಾರನೆಯ ದಿನ ಯಾರೂ ಕೊಳ್ಳರು. ಆದುದರಿಂದ ಅವನು ಎಣಿಸಿಯೇ ಮಾಡುತ್ತಿದ್ದನು.

ಆ ಮನುಷ್ಯನು ಮಲಬಾರಿನಿಂದ ಬಂದವನು. ತನ್ನ ಸೌದೆಯ ಒಲೆಯನ್ನು ಅವನು ಬೋರ್ಮ ಎಂದು ಕರೆಯುತ್ತಿದ್ದನು. ಈ ಕಸಬು ನಮ್ಮ ಕಡೆಗೆ ತೆಂಕಣಿಂದ ಬಂದುದರಲ್ಲಿ ಆಶ್ಚರ್ಯವಿಲ್ಲ. ಯಾಕಂದರೆ 1956ರ ವರೆಗೆ ಮಲಬಾರೂ ನಮ್ಮ ದಕ್ಷಿಣ ಕನ್ನಡವೂ ಮದ್ರಾಸಿನ ಒಂದೇ ಆಡಳಿತಕ್ಕೆ ಸೇರಿದ್ದುವು, ಮತ್ತು ಅಲ್ಲಿಯ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು 1880ರಷ್ಟು ಹಿಂದೆಯೇ ಬಿಸ್ಕತ್ತಿನ ಕಾರ್ಖಾನೆಯನ್ನು ತೆರೆದಿದ್ದರು. ಆಂಗ್ಲರು ಮಾಂಸವನ್ನೂ ಹಣ್ಣನ್ನೂ ಹಿಟ್ಟಿನೊಳಗಿಟ್ಟು ಬೇಯಿಸುವ ಪೈ ಎಂಬ ತಿಂಡಿಯ ಬಂಧುವೇ ಈ ಪಪ್ಸು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದರ ಹೊಟ್ಟೆಯೊಳಗೆ ಈರುಳ್ಳಿ, ಹಸಿಮೆಣಸು, ಕರಿಬೇವು ಮತ್ತು ಅರ್ಧ ಮೊಟ್ಟೆ ಸೇರಿಕೊಂಡಿದ್ದುವು. ಬೆಲೆ ನಾಲ್ಕಾಣೆ.

ನಾನು ಬರೆಯಬೇಕೆಂದಿರುವ ಸಂಗತಿಯು 1974ನೆಯ ಇಸವಿಯ ಜುಲಾಯಿ ತಿಂಗಳಿನದು. ಮೂರು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ನನ್ನ ಮನೆಯು ಸುಳ್ಯದ ಕಡೆ. ಕುಂಬ್ರ, ಕಾವು, ಜಾಲ್ಸೂರು ಮಾರ್ಗವಾಗಿ ಸಂಜೆಯವರೆಗೂ ಬಸ್ಸುಗಳಿದ್ದುವು. ನನ್ನ ತರಗತಿಯಲ್ಲಿಯೇ ಓದುತ್ತಿದ್ದ ಇನ್ನೊಬ್ಬಳ ಮನೆಯು ಕಡಬದ ಆಚೆಗೆ. ಅವಳು ಉಪ್ಪಿನಂಗಡಿಯ ಮಾರ್ಗವಾಗಿ ಹೋಗಿ, ಹೊಸಮಠದಲ್ಲಿ ಗುಂಡ್ಯ ಹೊಳೆಯನ್ನು ದಾಟಬೇಕಾಗಿದ್ದಿತು. ಅಲ್ಲಿಯ ಹಳೆಯ ಮುಳುಗು ಸೇತುವೆಯ ವಿಷಯವನ್ನು ಆ ಕಡೆಯ ವಾಚಕರಿಗೆ ಹೇಳಬೇಕಾಗಿಲ್ಲ. ಹೊಳೆಯು ಉಕ್ಕಿದರೆ ನೀರು ಸೇತುವೆಯ ಮೇಲೆಯೇ ಹರಿಯುವುದು, ಬಸ್ಸು ಈಚೆಯಲ್ಲೇ ನಿಲ್ಲುವುದು. ಆದುದರಿಂದ ಅವಳು ಎರಡೂವರೆಯ ಬಸ್ಸನ್ನು ತಪ್ಪಿಸುವಂತಿರಲಿಲ್ಲ.

ಆ ದಿನ ಸೌದೆಯು ಹಸಿಯಾಗಿದ್ದುದರಿಂದಲೋ ಏನೋ, ತಟ್ಟೆಯು ಹೊರಗೆ ಬರುವಾಗ ಎರಡೂಕಾಲು ದಾಟಿದ್ದಿತು. ನಾನು ಮುಂದೆ, ಅವಳು ನನ್ನ ಹಿಂದೆ. ನನ್ನ ಕೈಯಲ್ಲಿ ಒಂದು ರೂಪಾಯಿ. ಅಪ್ಪನಿಗೊಂದು, ಅವ್ವನಿಗೊಂದು, ಅಣ್ಣನಿಗೊಂದು, ನನಗೊಂದು. ಸರದಿಯು ನನಗೆ ಬಂದಾಗ ತಟ್ಟೆಯಲ್ಲಿ ನಾಲ್ಕೇ ಉಳಿದಿದ್ದುವು. ಬೇಕರಿಯವನು ಅವುಗಳನ್ನು ಹಳೆಯ ವರ್ತಮಾನ ಪತ್ರಿಕೆಯಲ್ಲಿ ಸುತ್ತಿ ನೂಲು ಕಟ್ಟತೊಡಗಿದನು. ಆಗ ಅವಳು ನನ್ನ ತೋಳನ್ನು ಮುಟ್ಟಿ, "ನನಗೆ ಒಂದನ್ನು ಬಿಟ್ಟುಕೊಡುವೆಯಾ? ತಮ್ಮನಿಗೆ ಜ್ವರ ಬಿಟ್ಟು ನಾಲ್ಕು ದಿನವಾಯಿತಂತೆ, ಗಂಜಿ ಸೇರುವುದಿಲ್ಲವಂತೆ. ಇದನ್ನೇ ತರಬೇಕೆಂದು ಹೇಳಿ ಕಳುಹಿಸಿದ್ದಾನೆ," ಎಂದಳು. ಅವಳ ಅಂಗೈಯಲ್ಲಿ ನಾಲ್ಕಾಣೆಯ ನಾಣ್ಯವಿದ್ದಿತು.

ನಾನು ನಾಲ್ಕು ಗಂಟೆಯ ತಟ್ಟೆಗೆ ಕಾಯಬಹುದಾಗಿತ್ತು. ಸುಳ್ಯಕ್ಕೆ ಐದು ಗಂಟೆಗೂ ಬಸ್ಸಿದ್ದಿತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ನಾನು, "ಮನೆಯವರ ಲೆಕ್ಕಕ್ಕೆ ಸರಿಯಾಗಿ ಹಣ ತಂದಿದ್ದೇನೆ," ಎಂದು ಹೇಳಿದೆನು. ಮಾತು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಅಷ್ಟರಲ್ಲಿ ಕಡಬದ ಬಸ್ಸಿನ ಕಂಡಕ್ಟರನು ಕೂಗಿದನು. ಅವಳು, "ಆಗಲಿ," ಎಂದು ಹೇಳಿ ಕೊಡೆಯನ್ನೂ ಬಿಚ್ಚದೆ ಓಡಿದಳು.

ನಾನು ನನ್ನ ಪಾಲಿನದನ್ನು ಕುಂಬ್ರ ತಲಪುವ ಮೊದಲೇ ಬಸ್ಸಿನಲ್ಲಿ ತಿಂದೆನು. ಮೆತ್ತಗಾಗುವುದಲ್ಲಾ ಎಂಬುದು ಅದಕ್ಕೆ ನಾನು ಕೊಟ್ಟುಕೊಂಡ ಕಾರಣ. ಮನೆಗೆ ತಲಪಿದ ಮೂರು ನಿಜವಾಗಿಯೂ ಮೆತ್ತಗಾಗಿದ್ದುವು. ಅವ್ವ ತನ್ನದನ್ನು ಎರಡು ತುಂಡು ಮಾಡಿ ಅರ್ಧವನ್ನು ನನಗೇ ಕೊಟ್ಟರು. "ನಿನಗೆ ಎಲ್ಲಿ?" ಎಂದು ಕೇಳಿದರು. ನಾನು ಹೇಳಲಿಲ್ಲ, ಅರ್ಧವನ್ನು ತೆಗೆದುಕೊಂಡೆನು.

ಸೋಮವಾರ ಅವಳು ಪಾಠಶಾಲೆಗೆ ಬರಲಿಲ್ಲ. ಹೊಸಮಠದ ಸೇತುವೆಯು ಮುಳುಗಿದೆ ಎಂದು ಆ ಕಡೆಯ ಇನ್ನೊಬ್ಬ ಹುಡುಗಿ ಹೇಳಿದಳು. ನನಗೆ ಆ ಮೂರು ದಿನಗಳಲ್ಲಿ ಬಂದ ಯೋಚನೆಗಳನ್ನು ಬರೆಯುವುದಿಲ್ಲ. ಗುರುವಾರ ಅವಳು ಬಂದಳು. ತಮ್ಮನು ಗುಣವಾಗಿದ್ದನಂತೆ, ಪಪ್ಸಿನ ಮಾತನ್ನೇ ಅವಳು ಎತ್ತಲಿಲ್ಲ. ಆ ರಾತ್ರಿ ವಸತಿಗೃಹದಲ್ಲಿ ಮನೆಯಿಂದ ತಂದಿದ್ದ ಹಲಸಿನ ಹಪ್ಪಳದ ಕಟ್ಟನ್ನು ಬಿಚ್ಚಿ, ಅಡಿಗೆಯ ಅಕ್ಕನವರಿಂದ ಕೆಂಡದ ಮೇಲೆ ಸುಡಿಸಿ, ಎಲ್ಲರಿಗೂ ಒಂದೊಂದು ಹಂಚಿದಳು. ನನ್ನ ಬಳಿಗೆ ಬಂದಾಗ, ಹೊರಗೆ ಮಳೆ ಸುರಿಯುತ್ತಿರಲು, "ಬೇಗ ತಿನ್ನು, ಮೆತ್ತಗಾಗುತ್ತದೆ," ಎಂದಳು. ಅವಳು ಕುಹಕದಿಂದ ಹೇಳಿದಳೆಂದು ನಾನು ಅಂದೂ ನಂಬಲಿಲ್ಲ, ಇಂದೂ ನಂಬುವುದಿಲ್ಲ.

ಮುಂದಿನ ವರ್ಷ ಅವಳು ಓದನ್ನು ಬಿಟ್ಟಳು. ನಾನು ಬೇರೆ ಊರಿಗೆ ಹೋದೆನು. ಆ ಬೇಕರಿ ಈಗಿಲ್ಲ. ಅದಿದ್ದಲ್ಲಿ ಚಪ್ಪಲಿಯ ಅಂಗಡಿಯಿದೆ. ಪುತ್ತೂರಿನಲ್ಲಿ ಈಗ ಎಷ್ಟೋ ಬೇಕರಿಗಳಿವೆ, ದಿನವಿಡೀ ವಿದ್ಯುತ್ತಿನ ಒಲೆಯ ಪಪ್ಸು ಗಾಜಿನ ಪೆಟ್ಟಿಗೆಯೊಳಗೆ ಬೆಚ್ಚಗೆ ಕುಳಿತಿರುತ್ತದೆ, ಯಾರೂ ನುಗ್ಗಬೇಕಾಗಿಲ್ಲ. ಹೊಸಮಠದಲ್ಲಿಯೂ ಎತ್ತರವಾದ ಹೊಸ ಸೇತುವೆಯಾಗಿದೆ. ಎರಡು ವರ್ಷಗಳ ಹಿಂದೆ ಸುಬ್ರಹ್ಮಣ್ಯಕ್ಕೆ ಹೋಗುವಾಗ ಅದರ ಮೇಲೆ ಕಾರನ್ನು ನಿಲ್ಲಿಸಿ ಕೆಳಗೆ ನೋಡಿದೆನು.

ಅವಳ ಮದುವೆಯ ನಂತರದ ಹೆಸರು ನನಗೆ ತಿಳಿಯದು. ತೌರುಮನೆಯ ವಿಳಾಸವು ಪಾಠಶಾಲೆಯ 1974ರ ದಾಖಲೆ ಪುಸ್ತಕದಲ್ಲಿ ಇದ್ದೀತು. ಸಂಪಾದಕಿಯರು ದಯವಿಟ್ಟು ಅದನ್ನು ಹುಡುಕಿ, ಈ ಸಂಚಿಕೆಯ ಒಂದು ಪ್ರತಿಯನ್ನು ಆ ವಿಳಾಸಕ್ಕೆ ಕಳುಹಿಸಬೇಕಾಗಿ ಬೇಡುತ್ತೇನೆ. ಅಂಚೆಯ ವೆಚ್ಚವನ್ನು ನಾನು ಕೊಡುವೆನು.