ಗಾಡಿ ಬದಲಿಸುವ ಊರು

ಅರಸೀಕೆರೆಯೆಂದರೆ ಹೊರಗಿನವರ ಪಾಲಿಗೆ ಗಾಡಿ ಬದಲಿಸುವ ಊರು. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗಕ್ಕೆ ಹಾಸನ, ಮೈಸೂರು, ಮಂಗಳೂರುಗಳ ಕಡೆಯ ಹಳಿ ಬಂದು ಕೂಡುವುದು ಇಲ್ಲಿಯೇ. ನಡುರಾತ್ರಿ ಪ್ಲಾಟ್‌ಫಾರಂ ಮೇಲೆ ಕಾಫಿ ಕುಡಿದು ಮುಂದಕ್ಕೆ ಹೋದವರು ಅಸಂಖ್ಯ. ನಿಲ್ದಾಣದಿಂದ ಹೊರಬಂದು ಊರು ನೋಡಿದವರು ವಿರಳ. ಇಲ್ಲಿಯೇ ಹುಟ್ಟಿ ಓದಿದ ನನ್ನ ವಿದ್ಯಾರ್ಥಿಗಳು ಕೂಡ ಈಗ, "ಮಕ್ಕಳಿಗೆ ತೋರಿಸೋಕೆ ನಮ್ಮ ತಾಲ್ಲೂಕಿನಲ್ಲಿ ಏನಿದೆ ಸಾರ್?" ಎಂದು ಕೇಳುವುದುಂಟು. ಅವರಿಗಾಗಿ ಈ ಬರಹ.

ಹಾಸನ ಜಿಲ್ಲೆಯೆಂದೊಡನೆ ಸಕಲೇಶಪುರದ ಮಳೆ, ಕಾಫಿ ತೋಟಗಳು ಕಣ್ಣ ಮುಂದೆ ಬರುತ್ತವೆ. ನಮ್ಮದು ಅದೇ ಜಿಲ್ಲೆಯ ಒಣ ಮೂಲೆ. ಜಿಲ್ಲೆಯ ಹೆಚ್ಚಿನ ನೀರು ಹೇಮಾವತಿಯ ಮೂಲಕ ಕಾವೇರಿಯನ್ನು ಸೇರಿದರೆ, ನಮ್ಮ ಉತ್ತರ ಭಾಗದ ಹಳ್ಳಗಳು ವೇದಾವತಿಯ ಕಡೆಗೆ, ಅಂದರೆ ಕೃಷ್ಣೆಯ ಕಡೆಗೆ ಇಳಿಯುತ್ತವೆ. ಭೂಗೋಳದ ತರಗತಿಯಲ್ಲಿ ಇದನ್ನು ಹೇಳಿದಾಗ ಬಾಣಾವರದ ಕಡೆಯ ಹುಡುಗನೊಬ್ಬ, "ಹಳ್ಳದಲ್ಲಿ ನೀರಿದ್ರೆ ತಾನೇ ಸಾರ್ ಇಳಿಯೋದು?" ಎಂದಿದ್ದ. ಅವನಿಗೆ ಪೂರ್ಣ ಅಂಕ ಕೊಡಬೇಕಾಗಿತ್ತು! ರಾಗಿ, ತೆಂಗು, ಕೊಬ್ಬರಿ ನಮ್ಮ ಜೀವನಾಧಾರ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಳಿ ಒಣಗಿ ನಿಂತ ತೆಂಗಿನ ತೋಟಗಳನ್ನು ಕಂಡವರು ಅದನ್ನು ಮರೆಯಲಾರರು. ಸಕಲೇಶಪುರದ ಕಡೆಯಿಂದ ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಅದರ ನಾಲೆ ನಮ್ಮ ತಾಲ್ಲೂಕನ್ನು ಹಾದುಹೋಗುತ್ತದೆ ಎಂಬುದೇ ಇಲ್ಲಿನ ರೈತರ ಆಸೆ.

ಇನ್ನು ಜನಸಂಖ್ಯೆ. 2011ರ ಗಣತಿಯಂತೆ ಪಟ್ಟಣದಲ್ಲಿ ಸುಮಾರು 53 ಸಾವಿರ ಜನ. ಅದಕ್ಕಿಂತ ಗಮನಾರ್ಹವಾದುದು ಬೇರೊಂದು ಅಂಕಿ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕೂ ಮಿಕ್ಕಿ ಬೆಳೆದರೆ, ಹಾಸನ ಜಿಲ್ಲೆಯದು ಬೆಳೆದದ್ದು ಶೇಕಡಾ 3ರಷ್ಟು ಮಾತ್ರ. ಸಣ್ಣ ಕುಟುಂಬಗಳು ಹೆಚ್ಚಿದ್ದು ಒಂದು ಕಾರಣ. ಇನ್ನೊಂದು ಕಾರಣ, ಇದನ್ನು ಓದುತ್ತಿರುವ ನೀವೇ.

ಮೇಷ್ಟರುಗಳಿಗೆ ಗಣತಿ ಕೆಲಸ ತಪ್ಪಿದ್ದಲ್ಲವಷ್ಟೆ. 2001ರಲ್ಲಿ ಹಳ್ಳಿಯೊಂದರಲ್ಲಿ ಮನೆಮನೆ ತಿರುಗುವಾಗ ಒಬ್ಬ ವೃದ್ಧೆ ಗಂಡನ ಹೆಸರು, ತನ್ನ ಹೆಸರು ಬರೆಸಿ, ಬೆಂಗಳೂರಿನಲ್ಲಿದ್ದ ಮಗನ ಹೆಸರನ್ನೂ ಹೇಳಿದಳು. ಅವನು ಅಲ್ಲಿಯ ಲೆಕ್ಕಕ್ಕೆ ಸೇರುತ್ತಾನೆ ಎಂದೆ. "ಅದೆಂಗಾಯ್ತದೆ ಮೇಷ್ಟ್ರೇ, ಅವನ ತಟ್ಟೆ ಲೋಟ ಎಲ್ಲಾ ಇಲ್ಲೇ ಅವೆ" ಎಂದಳು. ನಿಯಮದಂತೆ ಎರಡೇ ಹೆಸರು ಬರೆದುಕೊಂಡೆ. ಬೀದಿ ತಿರುಗುವವರೆಗೂ ಆಕೆ ಜಗುಲಿಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ಮುಂದಿನ ಗಣತಿ 2027ರಲ್ಲಿ. ಆ ಬೀದಿಯಲ್ಲಿ ಈಗ ಬೀಗ ಹಾಕಿದ ಮನೆಗಳೇ ಹೆಚ್ಚು.

ನೋಡತಕ್ಕ ಸ್ಥಳಗಳಿಗೆ ಬರುತ್ತೇನೆ. ಊರಿನಲ್ಲೇ ಇರುವ ಈಶ್ವರ ದೇವಾಲಯ ಸುಮಾರು 1220ರದು. ಅದರ ಮುಂದಿನ ತೆರೆದ ಮಂಟಪ ಹದಿನಾರು ಮೊನೆಗಳ ನಕ್ಷತ್ರದ ಆಕಾರದಲ್ಲಿದೆ. ಮೇಲೆ ಗುಮ್ಮಟದಂಥ ಚಾವಣಿ. ಹೊಯ್ಸಳರ ಗುಡಿಗಳಲ್ಲೇ ಇದು ಅಪರೂಪದ್ದು. ಬೇಲೂರಿನ ಜನಜಂಗುಳಿ ಇಲ್ಲಿಲ್ಲ. ಮಕ್ಕಳು ನಿಧಾನವಾಗಿ ಮೊನೆಗಳನ್ನು ಎಣಿಸಬಹುದು. ದಕ್ಷಿಣಕ್ಕೆ ಕೆಲವೇ ಮೈಲಿಗಳಾಚೆ ಹಾರನಹಳ್ಳಿಯಲ್ಲಿ 1235ರ ಕಾಲದ ಚೆನ್ನಕೇಶವ, ಸೋಮೇಶ್ವರ ಗುಡಿಗಳಿವೆ. ಸೋಮೇಶ್ವರನ ಗುಡಿಯ ಗೋಡೆಯಲ್ಲಿ ಕೆತ್ತನೆ ಅರ್ಧಕ್ಕೇ ನಿಂತ ಕಲ್ಲುಗಳನ್ನು ಹುಡುಕಿ ತೋರಿಸಿ. ಶಿಲ್ಪಿ ಹೇಗೆ ಕೆಲಸ ಮಾಡುತ್ತಿದ್ದನೆಂಬುದು ಮುಗಿದ ಮೂರ್ತಿಗಿಂತ ಅದರಲ್ಲೇ ಚೆನ್ನಾಗಿ ತಿಳಿಯುತ್ತದೆ. ಕ್ರಿಕೆಟ್ ಪ್ರಿಯರಿಗೆ ಶ್ರೀನಾಥರ ಹೆಸರಿನಿಂದ ಪರಿಚಿತವಾದ ಜಾವಗಲ್ಲು ಕೂಡ ನಮ್ಮ ತಾಲ್ಲೂಕಿನದೇ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರದು.

ಚಿಕ್ಕ ತಿರುಪತಿಯೆಂದು ಕರೆಯುವ ಮಾಲೇಕಲ್ಲಿನಲ್ಲಿ ಆಷಾಢದ ತೇರು. ಆದರೆ ನನ್ನ ಮೆಚ್ಚಿನದು ಜೇನುಕಲ್ಲು ಸಿದ್ದೇಶ್ವರನ ಬೆಟ್ಟ. ಹುಣ್ಣಿಮೆಗೆ ಸುತ್ತಲಿನ ಹಳ್ಳಿಗಳಿಂದ ಜನ ಹತ್ತುತ್ತಾರೆ. ಮಕ್ಕಳನ್ನು ಕರೆತರುವವರು ಬೆಳಗಿನ ಜಾವವೇ ಹೊರಡಿ. ಬಿಸಿಲೇರಿ ಬಂಡೆ ಕಾದ ಮೇಲೆ ಬರಿಗಾಲಿಗೆ ಕಷ್ಟ.